ಉರುಳುವ ಹಲಗೆಯ ಸ್ಥಿರತೆ

ಭಾನುವಾರದ ಮುಂಜಾನೆ ನಂದಿಬೆಟ್ಟದ ದಾರಿಯಲ್ಲಿ ನಿಂತು ನೋಡಿದವರಿಗೆ ಸೈಕಲ್ ಸವಾರರ ಸಾಲು ಅಪರಿಚಿತವಲ್ಲ. ಸಮುದ್ರಮಟ್ಟದಿಂದ ೧೪೭೮ ಮೀಟರ್ ಎತ್ತರವಿರುವ ಆ ಬೆಟ್ಟವನ್ನು ಏದುಸಿರು ಬಿಡುತ್ತ ಏರುವುದೂ, ಮರಳಿ ಗಾಳಿಯಂತೆ ಇಳಿಯುವುದೂ ಅವರಿಗೊಂದು ಸಂತೋಷ. ಈಚಿನ ವರ್ಷಗಳಲ್ಲಿ ನಮ್ಮ ತರುಣರ ಕಾಲಿಗೆ ಇನ್ನೊಂದು ವಾಹನವೂ ದೊರಕಿದೆ. ಸುಮಾರು ಒಂದು ಮೀಟರ್ ಉದ್ದದ ಹಲಗೆ; ಅದರ ಅಡಿಯಲ್ಲಿ ನಾಲ್ಕು ಸಣ್ಣ ಗಾಲಿಗಳು. ಹಿಡಿದುಕೊಳ್ಳಲು ಹ್ಯಾಂಡಲ್ ಇಲ್ಲ, ನಿಲ್ಲಿಸಲು ಬ್ರೇಕ್ ಇಲ್ಲ. ಸ್ಕೇಟ್‌ಬೋರ್ಡಿನ ಅಣ್ಣನಂತಿರುವ ಈ ಹಲಗೆಗೆ ಲಾಂಗ್‌ಬೋರ್ಡ್ ಎಂದು ಹೆಸರು.

ಕಳೆದ ವರ್ಷ ನನ್ನ ತರಗತಿಯ ವಿದ್ಯಾರ್ಥಿಯೊಬ್ಬನು ಮೊಣಕೈಗೆ ಪಟ್ಟಿ ಕಟ್ಟಿಕೊಂಡು ಬಂದನು. ವಿಚಾರಿಸಿದಾಗ ಅವನು ಹೇಳಿದ್ದು ಇಷ್ಟು: “ಸಾರ್, ಹಲಗೆಯ ನಟ್ಟುಗಳನ್ನೆಲ್ಲ ಸ್ಪ್ಯಾನರಿನಿಂದ ಆದಷ್ಟೂ ಬಿಗಿ ಮಾಡಿದ್ದೆ. ಆದರೂ ಇಳಿಜಾರಿನಲ್ಲಿ ವೇಗ ಬಂದೊಡನೆ ಅದು ತಾನಾಗಿಯೇ ನಡುಗತೊಡಗಿತು. ಎಡಕ್ಕೊಮ್ಮೆ ಬಲಕ್ಕೊಮ್ಮೆ ಒದ್ದಾಡಿ ನನ್ನನ್ನು ಎಸೆದುಬಿಟ್ಟಿತು. ಬಿಗಿಯಾಗಿರುವುದು ಅಲುಗಾಡಬಾರದಲ್ಲವೆ?”

ಪ್ರಶ್ನೆ ಚೆನ್ನಾಗಿದೆ. ಬಿಗಿಯಾಗಿರುವುದೆಲ್ಲ ಸ್ಥಿರವೆಂದು ನಾವೆಲ್ಲರೂ ಸಾಮಾನ್ಯವಾಗಿ ನಂಬಿರುತ್ತೇವೆ. ಆದರೆ ಭೌತಶಾಸ್ತ್ರದ ದೃಷ್ಟಿಯಲ್ಲಿ ಬಿಗಿತವೇ ಬೇರೆ, ಸ್ಥಿರತೆಯೇ ಬೇರೆ. ಈ ಭೇದವನ್ನು ತಿಳಿಯಬೇಕಾದರೆ ಮೊದಲು ಹಲಗೆಯನ್ನು ಮಗುಚಿ ಅದರ ಅಡಿಯಲ್ಲಿ ಏನಿದೆಯೆಂದು ನೋಡಬೇಕು.

ರೈಲಿನಿಂದ ಬಂದ ಹೆಸರು

ಹಲಗೆಯ ಮುಂದೊಂದು ಹಿಂದೊಂದು ಲೋಹದ ಚೌಕಟ್ಟು ಇರುತ್ತದೆ. ಒಂದೊಂದು ಚೌಕಟ್ಟಿಗೂ ಎರಡು ಗಾಲಿಗಳು. ಈ ಚೌಕಟ್ಟಿಗೆ ‘ಟ್ರಕ್’ ಎನ್ನುತ್ತಾರೆ. ಸಾಮಾನು ಸಾಗಿಸುವ ಲಾರಿಗೂ ಇದಕ್ಕೂ ಸಂಬಂಧವಿಲ್ಲ. ರೈಲುಗಾಡಿಯ ಡಬ್ಬಿಯನ್ನೇ ನಾವು ‘ಬೋಗಿ’ ಎಂದು ಕರೆಯುವುದು ರೂಢಿ. ಎಂಜಿನಿಯರರ ಭಾಷೆಯಲ್ಲಾದರೋ ಬೋಗಿ ಎಂದರೆ ಡಬ್ಬಿಯ ಅಡಿಯಲ್ಲಿ ತಿರುಗುವಂತೆ ಜೋಡಿಸಿದ ಚಕ್ರಗಳ ಚೌಕಟ್ಟು. ಅದನ್ನೇ ಅಮೆರಿಕದವರು ಟ್ರಕ್ ಎನ್ನುತ್ತಾರೆ.

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳ ಮೂಲಕ ಕೋಲಾರಕ್ಕೆ ಹೋಗುತ್ತಿದ್ದ ಹಳೆಯ ಪುಟ್ಟ ರೈಲನ್ನು ನಮ್ಮ ಹಿರಿಯರು ಈಗಲೂ ನೆನೆಯುತ್ತಾರೆ. ಅದರ ಹಳಿಗಳ ನಡುವಿನ ಅಂತರ ಕೇವಲ ೭೬೨ ಮಿಲಿಮೀಟರ್. ೨೦೧೩ರಲ್ಲಿ ಆ ದಾರಿ ೧೬೭೬ ಮಿಲಿಮೀಟರಿನ ಬ್ರಾಡ್‌ಗೇಜ್ ಆಯಿತು. ಹಳಿ ಕಿರಿದಾಗಿರಲಿ ಅಗಲವಾಗಿರಲಿ, ಉದ್ದವಾದ ಡಬ್ಬಿಯು ತಿರುವಿನಲ್ಲಿ ಸುಗಮವಾಗಿ ಹೋಗುವುದು ಅಡಿಯ ಬೋಗಿಗಳು ಹಳಿಯ ಜೊತೆಗೆ ತಿರುಗುವುದರಿಂದ. ಅದೇ ಬೋಗಿಯು ಒಂದು ಮಿತಿಯನ್ನು ಮೀರಿದ ವೇಗದಲ್ಲಿ ಹಳಿಯ ನಡುವೆ ಎಡಬಲಕ್ಕೆ ಹೊಯ್ದಾಡತೊಡಗುವುದೂ ಉಂಟು. ರೈಲ್ವೆ ಚಕ್ರಗಳ ಇಂತಹ ತೂಗಾಟಕ್ಕೆ ಜರ್ಮನಿಯ ಕ್ಲಿಂಗೆಲ್ ಎಂಬವನು ೧೮೮೩ರಲ್ಲಿಯೇ ಗಣಿತದ ವಿವರಣೆಯನ್ನು ಕೊಟ್ಟಿದ್ದನು. ನಮ್ಮ ವಿದ್ಯಾರ್ಥಿಯ ಹಲಗೆ ಕಂಡ ನಡುಕವು ಈ ಹೊಯ್ದಾಟದ ದಾಯಾದಿಯೆಂದು ಹೇಳಬಹುದು.

ಹಲಗೆಗಾದರೋ ಹಳಿಯಿಲ್ಲ, ತಿರುಗೆಂದು ಹೇಳುವವರು ಯಾರು? ಸವಾರನ ಮೈಭಾರವೇ ಹೇಳಬೇಕು. ಈ ಉಪಾಯವನ್ನು ಅಮೆರಿಕದ ಜೇಮ್ಸ್ ಪ್ಲಿಂಪ್ಟನ್ ೧೮೬೩ರಲ್ಲಿ ಪಾದಕ್ಕೆ ಕಟ್ಟಿಕೊಳ್ಳುವ ಗಾಲಿಯ ಸ್ಕೇಟಿಗಾಗಿ ಕಂಡುಹಿಡಿದನು. ಪಾದವನ್ನು ಒಂದು ಪಕ್ಕಕ್ಕೆ ಒತ್ತಿದರೆ ಗಾಲಿಗಳು ಆ ಕಡೆಗೇ ತಿರುಗುವಂತೆ ಅವನು ಅಚ್ಚುಗಳನ್ನು ಓರೆಯಾಗಿ ಜೋಡಿಸಿ, ನಡುವೆ ರಬ್ಬರನ್ನು ಇಟ್ಟನು. ಇಂದಿನ ಲಾಂಗ್‌ಬೋರ್ಡಿನ ಟ್ರಕ್ಕು ಅದೇ ತತ್ತ್ವದ ಮುಂದುವರಿಕೆ.

ವಾಲುವುದು ಮತ್ತು ತಿರುಗುವುದು

ಟ್ರಕ್ಕಿನಲ್ಲಿ ಮುಖ್ಯವಾಗಿ ನಾಲ್ಕು ಅಂಗಗಳಿವೆ. ಹಲಗೆಗೆ ಸ್ಕ್ರೂಗಳಿಂದ ಕಚ್ಚಿಕೊಂಡಿರುವುದು ಬೇಸ್‌ಪ್ಲೇಟ್. ಗಾಲಿಗಳ ಅಚ್ಚನ್ನು ಹೊತ್ತಿರುವುದು ಹ್ಯಾಂಗರ್. ಇವೆರಡನ್ನೂ ಪೋಣಿಸುವ ದಪ್ಪ ಬೋಲ್ಟು ಕಿಂಗ್‌ಪಿನ್. ಆ ಬೋಲ್ಟಿನ ಸುತ್ತ, ಹ್ಯಾಂಗರಿನ ಮೇಲೊಂದು ಕೆಳಗೊಂದು ಕುಳಿತಿರುವ ಪಾಲಿಯುರಿಥೇನ್ ಉಂಗುರಗಳೇ ಬುಶಿಂಗುಗಳು. ಗ್ಯಾರೇಜುಗಳಲ್ಲಿ ‘ಬುಶ್’ ಎನ್ನುವ ವಸ್ತುವಿನ ಜಾತಿಗೇ ಇವು ಸೇರಿವೆ.

ಹ್ಯಾಂಗರು ತಿರುಗುವ ಅಕ್ಷವು ನೆಲಕ್ಕೆ ಸಮಾಂತರವೂ ಅಲ್ಲ, ಲಂಬವೂ ಅಲ್ಲ, ಓರೆಯಾಗಿದೆ. ಅಕ್ಷವು ಸಮಾಂತರವಾಗಿದ್ದರೆ ಹಲಗೆ ವಾಲುತ್ತಿತ್ತೇ ಹೊರತು ತಿರುಗುತ್ತಿರಲಿಲ್ಲ. ಲಂಬವಾಗಿದ್ದರೆ ಎಷ್ಟು ವಾಲಿದರೂ ಗಾಲಿಗೆ ಅದರ ಅರಿವೇ ಆಗುತ್ತಿರಲಿಲ್ಲ. ಎತ್ತಿನ ಗಾಡಿಯ ಮೂಕಿಯಂತೆ ಯಾರಾದರೂ ಹಿಡಿದು ತಿರುಗಿಸಬೇಕಾಗುತ್ತಿತ್ತು. ಓರೆಯಾಗಿರುವುದರಿಂದಲೇ ವಾಲುವಿಕೆಯು ತಿರುವಾಗಿ ಪರಿಣಮಿಸುವುದು. ತ್ರಿಕೋನಮಿತಿಯನ್ನು ಓದಿದವರಿಗೆ ಸೂತ್ರ ಸುಲಭ: ಅಚ್ಚು ತಿರುಗುವ ಕೋನದ ಟ್ಯಾಂಜೆಂಟು, ಅಕ್ಷದ ಓರೆಯ ಟ್ಯಾಂಜೆಂಟನ್ನು ವಾಲಿಕೆಯ ಸೈನಿನಿಂದ ಗುಣಿಸಿದಷ್ಟು.

ಲೆಕ್ಕ ಮಾಡಿ ನೋಡೋಣ. ಎರಡು ಅಚ್ಚುಗಳ ನಡುವೆ ೭೦ ಸೆಂಟಿಮೀಟರ್ ಅಂತರವಿರಲಿ. ಎರಡು ಅಕ್ಷಗಳ ಓರೆಯೂ ೫೦ ಡಿಗ್ರಿಯಿರಲಿ. ಸವಾರನು ಒಂದೇ ಒಂದು ಡಿಗ್ರಿ ವಾಲಿದರೆ ಹಲಗೆಯು ಸುಮಾರು ೧೭ ಮೀಟರ್ ತ್ರಿಜ್ಯದ ವೃತ್ತದಲ್ಲಿ ತಿರುಗುವುದು. ಓರೆಯನ್ನು ೩೦ ಡಿಗ್ರಿಗೆ ಇಳಿಸಿದರೆ ತ್ರಿಜ್ಯವು ಸುಮಾರು ೩೫ ಮೀಟರ್ ಆಗುವುದು. ಅಂದರೆ ಅದೇ ವಾಲಿಕೆಗೆ ತಿರುವು ಅರ್ಧದಷ್ಟು ಮಾತ್ರ.

ವೇಗವು ಮಾಡುವ ವ್ಯತ್ಯಾಸ

ಇನ್ನು ವೇಗವನ್ನು ಪರಿಶೀಲಿಸೋಣ. ನೂರು ಮೀಟರಿಗೆ ಆರು ಮೀಟರ್ ಇಳಿಯುವ ರಸ್ತೆಯನ್ನು ಭಾವಿಸಿಕೊಳ್ಳಿ. ಗಾಲಿಯ ಘರ್ಷಣೆಯನ್ನು ಕಳೆದರೆ ಹಲಗೆಯ ವೇಗೋತ್ಕರ್ಷವು ಸೆಕೆಂಡಿಗೆ ಸೆಕೆಂಡಿಗೆ ೦.೪ ಮೀಟರ್ ಎಂದಿಟ್ಟುಕೊಳ್ಳೋಣ. ಹತ್ತು ಮೀಟರ್ ಉರುಳಿದಾಗ ವೇಗವು ಸೆಕೆಂಡಿಗೆ ಸುಮಾರು ೩ ಮೀಟರ್. ನೂರು ಮೀಟರ್ ಉರುಳಿದಾಗ ಸುಮಾರು ೯ ಮೀಟರ್, ಎಂದರೆ ಗಂಟೆಗೆ ೩೨ ಕಿಲೋಮೀಟರ್. ತಿರುವಿನಲ್ಲಿ ಪಕ್ಕಕ್ಕೆ ಉಂಟಾಗುವ ವೇಗೋತ್ಕರ್ಷವು ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದಷ್ಟು ಎಂಬುದು ನಿಮಗೆ ತಿಳಿದೇ ಇದೆ. ೫೦ ಡಿಗ್ರಿಯ ಟ್ರಕ್ಕಿನಲ್ಲಿ ಅದೇ ಒಂದು ಡಿಗ್ರಿ ವಾಲಿಕೆಗೆ ಇದು ಮೊದಲು ೦.೫, ಆಮೇಲೆ ೪.೮, ಗುರುತ್ವಾಕರ್ಷಣೆಯ ಅರ್ಧದಷ್ಟು! ನಿಧಾನವಾಗಿ ಹೋಗುವಾಗ ಲೆಕ್ಕಕ್ಕೇ ಬಾರದಿದ್ದ ಪಾದದ ಚಲನೆಯು ವೇಗ ಹೆಚ್ಚಿದಾಗ ಬಲವಾದ ತಳ್ಳಾಗಿ ಬಿಡುತ್ತದೆ.

ಈ ತಳ್ಳಿಗೆ ಸವಾರನು ಪ್ರತಿಕ್ರಿಯೆ ತೋರಿಸುವನು. ಆದರೆ ಕಣ್ಣು, ಕಿವಿಯೊಳಗಿನ ಸಮತೋಲದ ಅಂಗ, ಪಾದದ ಸ್ಪರ್ಶ ಇವುಗಳಿಂದ ಸುದ್ದಿ ಮೆದುಳಿಗೆ ಮುಟ್ಟಿ, ಅಲ್ಲಿಂದ ಸ್ನಾಯುಗಳಿಗೆ ಆಜ್ಞೆ ಬರಲು ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕೂ ಹೆಚ್ಚು ಕಾಲ ಬೇಕು. ಅಷ್ಟರಲ್ಲಿ ಹಲಗೆ ಮರಳಿ ಇನ್ನೊಂದು ಪಕ್ಕಕ್ಕೆ ವಾಲಿರಬಹುದು. ಆಗ ತಡೆಯಲೆಂದು ಕೊಟ್ಟ ಒತ್ತಡವು ವಾಲುವಿಕೆಗೇ ಸಹಾಯವಾಗುವುದು. ಉಯ್ಯಾಲೆಯನ್ನು ನಿಲ್ಲಿಸಲು ಹೋದವನು ಹೊತ್ತು ತಪ್ಪಿ ಕೈ ನೀಡಿದರೆ ಅದನ್ನು ಇನ್ನಷ್ಟು ತೂಗಿದಂತಾಗುವುದಷ್ಟೆ! ಹೀಗೆ ಆಂದೋಲನವು ಪ್ರತಿಸಲವೂ ಬೆಳೆಯುತ್ತ ಹೋಗಿ ಸವಾರನನ್ನು ಕೆಡವುತ್ತದೆ.

ಅಮೆರಿಕದ ಮಾಂಟ್ ಹಬ್ಬರ್ಡ್ ಎಂಬ ವಿಜ್ಞಾನಿ ೧೯೭೯ರಲ್ಲಿಯೂ ೧೯೮೦ರಲ್ಲಿಯೂ ಸ್ಕೇಟ್‌ಬೋರ್ಡಿನ ಸ್ಥಿರತೆಯ ವಿಷಯವಾಗಿ ಲೇಖನಗಳನ್ನು ಪ್ರಕಟಿಸಿದನು. ೨೦೧೬ರಲ್ಲಿ ಹಂಗೇರಿಯ ಬಾಲಾಜ್ ವಾರ್ಸೆಗಿ, ಗಾಬೊರ್ ಸ್ಟೆಪಾನ್ ಮೊದಲಾದವರು ಸವಾರನ ಪ್ರತಿಕ್ರಿಯೆಯ ವಿಳಂಬವನ್ನೂ ಸಮೀಕರಣಗಳಲ್ಲಿ ಸೇರಿಸಿ, ಹೆಚ್ಚಿನ ವೇಗದಲ್ಲಿ ನಡುಕ ಹುಟ್ಟುವುದೇಕೆಂದು ವಿವರಿಸಿದರು. ಹಲಗೆಯ ಮಧ್ಯಕ್ಕಿಂತ ತುಸು ಮುಂದೆ ನಿಲ್ಲುವುದರಿಂದ ಪ್ರಯೋಜನವಿದೆಯೆಂಬುದೂ ಅವರ ಗಣಿತದಿಂದ ಹೊರಬಿತ್ತು.

ರಬ್ಬರಿನ ಎರಡು ಕೆಲಸಗಳು

ಹಾಗಾದರೆ ನಮ್ಮ ಕೈಯಲ್ಲಿರುವ ಉಪಾಯವೇನು? ಮನುಷ್ಯನ ವಿಳಂಬವನ್ನು ತೊಡೆದುಹಾಕಲು ಸಾಧ್ಯವಿಲ್ಲ. ಆದರೆ ಸಣ್ಣ ವಾಲಿಕೆಗಳನ್ನು ಹಲಗೆಯೇ ಸರಿಪಡಿಸಿಕೊಳ್ಳುವಂತೆ ಮಾಡಬಹುದು. ಆ ಕಾರ್ಯವನ್ನು ಮಾಡತಕ್ಕುದೇ ಬುಶಿಂಗು.

ಬುಶಿಂಗಿಗೆ ಎರಡು ಗುಣಗಳು ಬೇಕು. ಒಂದು ಸ್ಥಿತಿಸ್ಥಾಪಕತ್ವ: ಒತ್ತಿದಷ್ಟಕ್ಕೆ ತಕ್ಕ ಬಲದಿಂದ ಹಲಗೆಯನ್ನು ನಡುವಿಗೆ ಮರಳಿಸುವುದು. ಇನ್ನೊಂದು ಅವಮಂದನ: ಮರಳುವಾಗ ನಡುವನ್ನು ದಾಟಿ ಅತ್ತ ಓಡದಂತೆ ಚಲನೆಯ ಶಕ್ತಿಯನ್ನು ತನ್ನೊಳಗೆ ಶಾಖವಾಗಿ ಕರಗಿಸುವುದು. ನಮ್ಮ ಗೌರಿಬಿದನೂರಿನಲ್ಲಿ ಭಾಭಾ ಪರಮಾಣು ಸಂಶೋಧನ ಕೇಂದ್ರಕ್ಕೆ ಸೇರಿದ ಭೂಕಂಪಮಾಪಕಗಳ ಜಾಲವೊಂದು ೧೯೬೦ರ ದಶಕದಿಂದಲೂ ಇದೆ. ಭೂಕಂಪಮಾಪಕದಲ್ಲಿಯೂ ಸ್ಪ್ರಿಂಗಿಗೆ ತೂಗುಹಾಕಿದ ಭಾರವೊಂದಿರುತ್ತದೆ. ಅವಮಂದನವಿಲ್ಲದಿದ್ದರೆ ನೆಲದ ಅಲುಗಾಟ ನಿಂತ ಮೇಲೂ ಆ ಭಾರ ತೂಗುತ್ತಲೇ ಇದ್ದು ದಾಖಲೆಯನ್ನೆಲ್ಲ ಕೆಡಿಸುತ್ತಿತ್ತು. ದೂರದ ಭೂಕಂಪವನ್ನು ಅಳೆಯುವ ಉಪಕರಣಕ್ಕೂ ಹುಡುಗನ ಹಲಗೆಗೂ ಈ ವಿಷಯದಲ್ಲಿ ಒಂದೇ ನಿಯಮ.

ಈಗ ನಮ್ಮ ವಿದ್ಯಾರ್ಥಿಯ ತಪ್ಪು ತಿಳಿಯಿತು. ನಟ್ಟನ್ನು ಅತಿಯಾಗಿ ಬಿಗಿದಾಗ ಬುಶಿಂಗು ಮೊದಲೇ ಹಿಂಡಿಹೋಗಿ ಪಕ್ಕಕ್ಕೆ ಉಬ್ಬುತ್ತದೆ, ಕಾಲಕ್ರಮದಲ್ಲಿ ಬಿರಿಯುತ್ತದೆ. ಹಿಂಡಿದ ರಬ್ಬರಿಗೆ ಮತ್ತೆ ಮಣಿಯಲು ಎಡೆಯಿರುವುದಿಲ್ಲ. ಸ್ವಲ್ಪ ವಾಲಿದೊಡನೆ ತಡೆಗೆ ಮುಟ್ಟುವುದರಿಂದ ಹಲಗೆಯು ಮೆಲ್ಲನೆ ಮರಳದೆ ಒದೆಯುತ್ತದೆ. ಅವನ ಹಲಗೆಯನ್ನು ಬಿಚ್ಚಿ ನೋಡಿದಾಗ ಹಿಂದಿನ ಬುಶಿಂಗು ಸೀಳಿತ್ತು. ಅಲ್ಲದೆ ಮುಂದೆಯೂ ಹಿಂದೆಯೂ ಒಂದೇ ಓರೆಯ, ಒಂದೇ ಮೃದುತ್ವದ ಜೋಡಣೆ. ಭಯದಿಂದ ಅವನು ಭಾರವನ್ನೆಲ್ಲ ಹಿಂಗಾಲಿನ ಮೇಲೆ ಹಾಕಿದ್ದನೆಂಬುದೂ ಅವನ ಮಾತಿನಿಂದಲೇ ತಿಳಿಯಿತು.

ಹೊಂದಿಸುವ ಕ್ರಮ

ಮೊದಲನೆಯದಾಗಿ, ಸವಾರನ ತೂಕಕ್ಕೆ ತಕ್ಕ ಬುಶಿಂಗನ್ನು ಆರಿಸಬೇಕು. ಇವುಗಳ ಗಟ್ಟಿತನವನ್ನು ಶೋರ್ ಎಂಬ ಮಾನದಲ್ಲಿ ಹೇಳುತ್ತಾರೆ. ಸೂಜಿಯೊಂದನ್ನು ಸ್ಪ್ರಿಂಗಿನಿಂದ ಒತ್ತಿದಾಗ ಅದು ಎಷ್ಟು ಕಡಮೆ ಇಳಿಯುವುದೋ ಅಂಕಿ ಅಷ್ಟು ಹೆಚ್ಚು. ಅಂಗಡಿಯಲ್ಲಿ ದೊರಕುವವು ಸಾಮಾನ್ಯವಾಗಿ ೭೮ಎ ಇಂದ ೯೭ಎ ವರೆಗೆ. ೫೦ ಕಿಲೋಗ್ರಾಂ ತೂಕದವನು ೮೦ರ ಸುಮಾರಿನಿಂದಲೂ, ೭೦ ಕಿಲೋಗ್ರಾಂ ತೂಕದವನು ೮೫ರ ಸುಮಾರಿನಿಂದಲೂ, ೯೦ ಕಿಲೋಗ್ರಾಂ ತೂಕದವನು ೯೦ರ ಸುಮಾರಿನಿಂದಲೂ ಪ್ರಾರಂಭಿಸಬಹುದು. ಇವು ಆರಂಭದ ಅಂಕಿಗಳೇ ಹೊರತು ಕೊನೆಯ ಮಾತಲ್ಲ.

ಎರಡನೆಯದಾಗಿ, ಆಕಾರವನ್ನು ಗಮನಿಸಬೇಕು. ಪೀಪಾಯಿಯ ಆಕಾರದ ಬುಶಿಂಗಿನಲ್ಲಿ ಅಂಚಿನಲ್ಲಿಯೂ ದ್ರವ್ಯವಿರುವುದರಿಂದ ಅದು ಹೆಚ್ಚು ತಡೆದು ಸ್ಥಿರತೆಯನ್ನು ಕೊಡುತ್ತದೆ. ಶಂಕುವಿನಾಕಾರದ್ದು ಸುಲಭವಾಗಿ ವಾಲುತ್ತದೆ. ವೇಗಕ್ಕೆ ಎರಡೂ ಪೀಪಾಯಿಗಳಾಗಿರುವುದು ಲೇಸು. ಬಟ್ಟಲಿನಂತೆ ಅಂಚುಳ್ಳ ವಾಷರು ಬುಶಿಂಗನ್ನು ಹಿಡಿದಿಡುವುದು; ಚಪ್ಪಟೆಯಾದದ್ದು ಸಡಿಲ ಬಿಡುವುದು.

ಮೂರನೆಯದಾಗಿ, ಮುಂದೂ ಹಿಂದೂ ಸಮವಾಗಿರಕೂಡದು. ಎತ್ತು ಎಳೆದ ಗಾಡಿ ನೇರವಾಗಿ ಹಿಂಬಾಲಿಸುತ್ತದೆ; ಹಿಂದಿನಿಂದ ನೂಕಿದ ಗಾಡಿ ಅತ್ತಿತ್ತ ಹೊರಳುತ್ತದೆ. ಹಲಗೆಯಲ್ಲಿಯೂ ದಾರಿ ತೋರುವ ಕೆಲಸ ಮುಂದಿನ ಟ್ರಕ್ಕಿನದು, ಹಿಂಬಾಲಿಸುವ ಕೆಲಸ ಹಿಂದಿನದು. ಆದುದರಿಂದ ಹಿಂದಿನ ಬುಶಿಂಗು ಮುಂದಿನದಕ್ಕಿಂತ ಮೂರು ನಾಲ್ಕು ಅಂಕಿ ಗಟ್ಟಿಯಾಗಿರಲಿ. ಸಾಧ್ಯವಿದ್ದರೆ ಹಿಂದಿನ ಬೇಸ್‌ಪ್ಲೇಟಿನ ಓರೆ ಕಡಮೆಯಿರಲಿ. ಮುಂದೆ ೫೦, ಹಿಂದೆ ೩೦ ಡಿಗ್ರಿ ಇದ್ದರೆ ಮೇಲಿನ ಲೆಕ್ಕದ ೧೭ ಮೀಟರ್ ತ್ರಿಜ್ಯವು ಸುಮಾರು ೨೩ ಮೀಟರ್ ಆಗುತ್ತದೆ. ಮೈಭಾರದಲ್ಲಿ ಅರ್ಧಕ್ಕಿಂತ ಹೆಚ್ಚು ಮುಂಗಾಲಿನ ಮೇಲಿರಬೇಕು.

ನಾಲ್ಕನೆಯದಾಗಿ, ನಟ್ಟು. ವಾಷರನ್ನು ಬೆರಳಿನಿಂದ ತಿರುಗಿಸಲು ಬಾರದಷ್ಟಾದ ಮೇಲೆ ಇನ್ನು ಕಾಲು ಸುತ್ತು ತಿರುಗಿಸಿದರೆ ಸಾಕು. ಅದಕ್ಕಿಂತ ಹೆಚ್ಚು ಬಿಗಿ ಬೇಕೆನಿಸಿದರೆ ನಟ್ಟನ್ನು ಬಿಟ್ಟು ಹೆಚ್ಚು ಗಟ್ಟಿಯಾದ ಬುಶಿಂಗನ್ನು ಹಾಕಬೇಕು. ಹ್ಯಾಂಗರಿನ ಮೊನೆ ಕುಳಿತಿರುವ ಪ್ಲಾಸ್ಟಿಕ್ ಬಟ್ಟಲು ಸವೆದಿದೆಯೇ ಎಂಬುದನ್ನೂ ನೋಡಬೇಕು. ಅಲ್ಲಿ ಲೊಡಲೊಡ ಎನ್ನುತ್ತಿದ್ದರೆ ಉಳಿದ ಹೊಂದಾಣಿಕೆಯೆಲ್ಲ ವ್ಯರ್ಥ.

ಪ್ರಯೋಗಶಾಲೆಯ ಶಿಸ್ತು ಇಲ್ಲಿಯೂ ಇರಲಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಬದಲಿಸಿದ್ದನ್ನು ಪುಸ್ತಕದಲ್ಲಿ ಬರೆದಿಡಿ. ಮೊದಲು ಸಮನೆಲದಲ್ಲಿ ನಿಂತು ವಾಲಿ ನೋಡಿ: ಒತ್ತಡವನ್ನು ಬಿಟ್ಟೊಡನೆ ಹಲಗೆಯು ತಾನಾಗಿಯೇ ನಡುವಿಗೆ ಬಂದು ನಿಲ್ಲಬೇಕು. ಅನಂತರ ವಾಹನಗಳಿಲ್ಲದ ಆವರಣದೊಳಗೆ, ಕೊನೆಯಲ್ಲಿ ಸಮತಟ್ಟಾಗಿ ಸಾಗುವ ಅಲ್ಪ ಇಳಿಜಾರಿನಲ್ಲಿ ಪರೀಕ್ಷಿಸಬೇಕು. ಹೆಲ್ಮೆಟ್, ಕೈಗವಸು, ಮೊಣಕಾಲಿನ ಕವಚಗಳಿಲ್ಲದೆ ಹಲಗೆಯನ್ನು ಏರಬಾರದು. ಪಾದವನ್ನು ನೆಲಕ್ಕೆ ಉಜ್ಜಿ ನಿಲ್ಲಿಸಲು ಕಲಿಯದವನು ಇಳಿಜಾರಿಗೆ ಹೋಗಲೇಕೂಡದು. ನಂದಿಬೆಟ್ಟದ ತಿರುವುಗಳು ಕಾರು ಬಸ್ಸುಗಳ ದಾರಿ; ಎದುರಿನಿಂದ ಬರುವ ಗಾಡಿಯನ್ನು ತಡೆಯುವ ಬುಶಿಂಗನ್ನು ಯಾರೂ ಇನ್ನೂ ತಯಾರಿಸಿಲ್ಲ.

ಆ ವಿದ್ಯಾರ್ಥಿಯು ಹಿಂದಿನ ಬುಶಿಂಗನ್ನು ಬದಲಿಸಿ, ನಟ್ಟನ್ನು ಎರಡು ಸುತ್ತು ಸಡಿಲಿಸಿ, ಮುಂಗಾಲಿಗೆ ಭಾರ ಕೊಟ್ಟು ನಿಲ್ಲುವುದನ್ನು ಅಭ್ಯಾಸ ಮಾಡಿದನು. ಒಂದು ತಿಂಗಳ ಮೇಲೆ ಬಂದು, “ಸಾರ್, ಸಡಿಲ ಮಾಡಿದ ಮೇಲೆ ಅಲುಗಾಟ ನಿಂತಿತು” ಎಂದನು. ಗೋಲಿಯೊಂದನ್ನು ಬಟ್ಟಲಿನ ತಳದಲ್ಲಿಟ್ಟು ತಟ್ಟಿ ನೋಡಲು ಅವನಿಗೆ ಹೇಳಿದೆ. ಅದು ಅಲುಗಾಡಿತು, ಆದರೆ ಮತ್ತೆ ತಳಕ್ಕೇ ಬಂದು ನಿಂತಿತು. ಸ್ಥಿರತೆಯೆಂದು ಭೌತಶಾಸ್ತ್ರವು ಕರೆಯುವುದು ಇದನ್ನೇ.