ಕುರಿ-ಮೇಕೆಗಳಲ್ಲಿ ಔಷಧಕ್ಕೆ ಬಗ್ಗದ ಜಂತುಹುಳು ಮತ್ತು ಹಿಕ್ಕೆ ಪರೀಕ್ಷೆ

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಹಾಗೂ ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ಕೆರೆಯಂಗಳ, ನಾಲೆಯ ಏರಿ ಮತ್ತು ಗದ್ದೆಯ ಬದುಗಳಲ್ಲಿ ಮೇಯುವ ಕುರಿ-ಮೇಕೆಗಳಿಗೆ ಮಳೆಗಾಲದಲ್ಲಿ ಜಂತುಹುಳುವಿನ ಬಾಧೆ ಹೆಚ್ಚು. ಇವುಗಳ ಪೈಕಿ ಅತ್ಯಂತ ಅಪಾಯಕಾರಿಯಾದುದು ಹೊಟ್ಟೆಯಲ್ಲಿ ನೆಲೆಸಿ ರಕ್ತ ಹೀರುವ ಹೀಮಾಂಕಸ್ ಹುಳು. ಹೆಣ್ಣು ಹುಳು ದಿನವೊಂದಕ್ಕೆ ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ಹಿಕ್ಕೆಯೊಡನೆ ಹೊರಬಿದ್ದ ಮೊಟ್ಟೆಗಳು ಬೆಚ್ಚನೆಯ ತೇವದಲ್ಲಿ ಸುಮಾರು ಒಂದು ವಾರದೊಳಗೆ ಸೋಂಕುಕಾರಕ ಮರಿಹುಳುಗಳಾಗಿ ಹುಲ್ಲನ್ನೇರುತ್ತವೆ.

ಈ ಹುಳುವಿನಿಂದ ಭೇದಿಯಾಗುವುದು ಅಪರೂಪ. ಆದುದರಿಂದ ಹಿಕ್ಕೆ ಗಟ್ಟಿಯಾಗಿದೆಯೆಂದು ಸಾಕಣೆದಾರರು ನಿಶ್ಚಿಂತರಾಗಿರಬಾರದು. ಕಣ್ಣಿನ ಒಳರೆಪ್ಪೆ ಬಿಳಿಚಿಕೊಳ್ಳುವುದು ಮತ್ತು ಗದ್ದದ ಕೆಳಗೆ ನೀರು ತುಂಬಿ ಊದಿಕೊಳ್ಳುವುದು ಇದರ ಮುಖ್ಯ ಲಕ್ಷಣಗಳು.

ಒಂದೇ ಬಗೆಯ ಔಷಧವನ್ನು ಪದೇ ಪದೇ, ಅದರಲ್ಲೂ ಕಡಿಮೆ ಪ್ರಮಾಣದಲ್ಲಿ ಕುಡಿಸಿದಾಗ, ಔಷಧವನ್ನು ತಾಳಿಕೊಂಡ ಹುಳುಗಳು ಮಾತ್ರ ಉಳಿದು ವೃದ್ಧಿಯಾಗುತ್ತವೆ. ಭಾರತದ ಹಲವು ರಾಜ್ಯಗಳಲ್ಲಿ ಇಂತಹ ಹುಳುಗಳು ವರದಿಯಾಗಿವೆ. ಆಲ್ಬೆಂಡಜೋಲ್ ಬಿಟ್ಟು ಫೆನ್‌ಬೆಂಡಜೋಲ್ ಕುಡಿಸಿದರೆ ಔಷಧ ಬದಲಾಯಿಸಿದಂತಾಗದು. ಇವೆರಡೂ ಒಂದೇ ಗುಂಪಿನವು. ಲೆವಾಮಿಸೋಲ್ ಮತ್ತು ಐವರ್‌ಮೆಕ್ಟಿನ್ ಬೇರೆ ಬೇರೆ ಗುಂಪಿಗೆ ಸೇರಿವೆ. ಕಣ್ಣಂದಾಜಿನ ತೂಕವೂ ಮೋಸ ಮಾಡುತ್ತದೆ. ಮೇಕೆಯ ದೇಹವು ಹಲವು ಔಷಧಗಳನ್ನು ಬೇಗ ಕರಗಿಸಿ ಹೊರಹಾಕುವುದರಿಂದ ಕುರಿಗೆ ಹೇಳಿದ ಪ್ರಮಾಣ ಮೇಕೆಗೆ ಸಾಲದಿರಬಹುದು. ಆದರೆ ಲೆವಾಮಿಸೋಲ್ ಹೆಚ್ಚಾದರೆ ವಿಷವಾಗುವುದರಿಂದ ಪ್ರಮಾಣವನ್ನು ಪಶುವೈದ್ಯರೇ ನಿರ್ಧರಿಸಬೇಕು. ಗಬ್ಬದ ಆರಂಭದ ದಿನಗಳಲ್ಲಿ ಆಲ್ಬೆಂಡಜೋಲ್ ಕುಡಿಸಬಾರದು.

ಇಡೀ ಮಂದೆಗೆ ಒಮ್ಮೆಲೇ ಔಷಧ ಕುಡಿಸುವ ರೂಢಿಯನ್ನು ಕೈಬಿಡುವುದು ಒಳಿತು. ಕಣ್ಣು ಕೆಂಪಾಗಿರುವ, ಮೈತುಂಬಿಕೊಂಡ ವಯಸ್ಕ ಪ್ರಾಣಿಗಳನ್ನು ಹಾಗೆಯೇ ಬಿಟ್ಟಲ್ಲಿ, ಅವುಗಳೊಳಗಿನ ಔಷಧಕ್ಕೆ ಸಾಯುವ ಹುಳುಗಳ ಸಂತತಿಯೂ ಹುಲ್ಲುಗಾವಲಿನಲ್ಲಿ ಉಳಿದು, ಔಷಧಕ್ಕೆ ಬಗ್ಗದ ಹುಳುಗಳ ಪ್ರಮಾಣವನ್ನು ತಗ್ಗಿಸುತ್ತದೆ. ಮರಿಗಳನ್ನೂ ಬಿಳಿಚಿಕೊಂಡ ಪ್ರಾಣಿಗಳನ್ನೂ ಮಾತ್ರ ತಡಮಾಡದೆ ಪಶುವೈದ್ಯರಿಗೆ ತೋರಿಸತಕ್ಕದ್ದು. ಸಂತೆಯಿಂದ ತಂದ ಪ್ರಾಣಿಗಳನ್ನು ಪರೀಕ್ಷೆಯಾಗುವವರೆಗೆ ಮಂದೆಯಿಂದ ಬೇರೆ ಕಟ್ಟಬೇಕು.

ಪರೀಕ್ಷೆ ಬಯಸುವವರು ಸುಮಾರು 10 ಪ್ರಾಣಿಗಳ ತಾಜಾ ಹಿಕ್ಕೆಯನ್ನು ಪ್ರತ್ಯೇಕ ಪ್ಲಾಸ್ಟಿಕ್ ಚೀಲಗಳಲ್ಲಿ, ಗುರುತು ಬರೆದು, ಅದೇ ದಿನ ಸಮೀಪದ ಪಶು ಆಸ್ಪತ್ರೆಗೆ ತಲುಪಿಸುವುದು. ಔಷಧ ಕುಡಿಸಿದ 10ರಿಂದ 14 ದಿನಗಳ ನಂತರ ಅವೇ ಪ್ರಾಣಿಗಳ ಹಿಕ್ಕೆಯನ್ನು ಮತ್ತೊಮ್ಮೆ ನೀಡತಕ್ಕದ್ದು. ಮೊಟ್ಟೆಗಳ ಸಂಖ್ಯೆ ಶೇಕಡ 95ರಷ್ಟಾದರೂ ಇಳಿದಿರದಿದ್ದಲ್ಲಿ, ಪ್ರಮಾಣ ಸರಿಯಾಗಿತ್ತೇ ಎಂಬುದನ್ನು ನೋಡಿಕೊಂಡು, ಪಶುವೈದ್ಯರು ಬೇರೆ ಗುಂಪಿನ ಔಷಧವನ್ನು ಸೂಚಿಸುವರು. ಮೇಲೇಳಲಾರದ ಪ್ರಾಣಿಗಳ ತುರ್ತು ಚಿಕಿತ್ಸೆಗೆ 1962 ಸಹಾಯವಾಣಿಗೆ ಕರೆ ಮಾಡಬಹುದು.