ಇಂಧನ ಕೋಶಕ್ಕೆ ಹೈಡ್ರೋಜನ್ ಎಲ್ಲಿಂದ?

ಗಾಜಿನ ಲೋಟದ ನೀರಿನಲ್ಲಿ ಒಂದು ಚಮಚ ಅಡುಗೆ ಸೋಡ ಕರಗಿಸಿ. ಎರಡೂ ತುದಿ ಚೂಪು ಮಾಡಿದ ಎರಡು ಪೆನ್ಸಿಲ್‌ಗಳನ್ನು ಅದರಲ್ಲಿ ನಿಲ್ಲಿಸಿ, ಮೇಲಿನ ತುದಿಗಳನ್ನು 9 ವೋಲ್ಟ್ ಬ್ಯಾಟರಿಗೆ ಜೋಡಿಸಿ. (ಅಡುಗೆ ಉಪ್ಪು ಬೇಡ, ಕ್ಲೋರಿನ್ ಬರುತ್ತದೆ.) ಒಂದು ಕಡ್ಡಿಯ ಮೇಲೆ ಹೈಡ್ರೋಜನ್, ಇನ್ನೊಂದರ ಮೇಲೆ ಆಕ್ಸಿಜನ್ ಗುಳ್ಳೆಗಳು ಏಳುತ್ತವೆ. ಎರಡು ನಿಮಿಷದ ಬಳಿಕ ಬ್ಯಾಟರಿ ಕಳಚಿ ಅದರ ಜಾಗದಲ್ಲಿ ವೋಲ್ಟ್‌ಮೀಟರ್ ಜೋಡಿಸಿ. ಬ್ಯಾಟರಿ ಇಲ್ಲದಿದ್ದರೂ ಮೀಟರು ಒಂದೆರಡು ವೋಲ್ಟ್ ತೋರಿಸಿ, ಮೆಲ್ಲಗೆ ಇಳಿಯುತ್ತದೆ. ಅಂಟಿಕೊಂಡಿದ್ದ ಅನಿಲಗಳು ಮತ್ತೆ ನೀರಾಗುತ್ತಾ ವಿದ್ಯುತ್ ಕೊಡುತ್ತಿವೆ. 1839ರಲ್ಲಿ ವೇಲ್ಸ್‌ನ ವಿಲಿಯಂ ಗ್ರೋವ್ ಪ್ಲಾಟಿನಂ ಪಟ್ಟಿಗಳನ್ನು ಬಳಸಿ ಕಂಡದ್ದು ಇದನ್ನೇ. ಆತ ವೃತ್ತಿಯಿಂದ ವಕೀಲ!

ಇಂದಿನ ಇಂಧನ ಕೋಶದಲ್ಲಿ ದ್ರಾವಣದ ಬದಲು ಪ್ರೋಟಾನುಗಳನ್ನು ಮಾತ್ರ ದಾಟಗೊಡುವ ತೆಳು ಪಾಲಿಮರ್ ಪೊರೆ ಇರುತ್ತದೆ. ಪೊರೆಯ ಒಂದು ಬದಿಗೆ ಹೈಡ್ರೋಜನ್ ಬಂದಾಗ ಪ್ಲಾಟಿನಂ ಕ್ರಿಯಾವರ್ಧಕವು ಅದನ್ನು ಪ್ರೋಟಾನು ಮತ್ತು ಎಲೆಕ್ಟ್ರಾನುಗಳಾಗಿ ಬೇರ್ಪಡಿಸುತ್ತದೆ. ಪ್ರೋಟಾನು ಪೊರೆಯ ಮೂಲಕ ನುಸುಳುತ್ತದೆ. ಎಲೆಕ್ಟ್ರಾನು ಹೊರಗಿನ ತಂತಿಯಲ್ಲಿ ಸುತ್ತಿ ಬರಬೇಕು. ಆ ಸುತ್ತಾಟವೇ ನಮಗೆ ಬೇಕಾದ ವಿದ್ಯುತ್ತು. ಕೋಶವೊಂದು ಸಿದ್ಧಾಂತದ ಪ್ರಕಾರ 1.23 ವೋಲ್ಟ್ ಕೊಡಬೇಕು, ಕೆಲಸಕ್ಕೆ ಹಚ್ಚಿದಾಗ ಸಿಗುವುದು ಸುಮಾರು 0.7. ಆದ್ದರಿಂದಲೇ ಕೋಶಗಳನ್ನು ಪುಸ್ತಕದ ಹಾಳೆಗಳಂತೆ ಒಂದರ ಪಕ್ಕ ಒಂದು ಜೋಡಿಸುತ್ತಾರೆ.

ಬಾಹ್ಯಾಕಾಶಕ್ಕೆ ಇದು ಹೇಳಿ ಮಾಡಿಸಿದ ಸಾಧನ. 1965ರಲ್ಲಿ ಜೆಮಿನಿ ನೌಕೆಯಲ್ಲಿ ಬಳಕೆಗೆ ಬಂತು. ಅಪೊಲೊ ಯಾತ್ರಿಗಳು ಕೋಶದಿಂದ ಬಂದ ನೀರನ್ನೇ ಕುಡಿದರು. ನಮ್ಮ ಇಸ್ರೊ 2024ರ ಜನವರಿ 1ರಂದು ಹಾರಿದ ಪಿಎಸ್‌ಎಲ್‌ವಿ-ಸಿ58ರಲ್ಲಿ 100 ವಾಟ್ ವರ್ಗದ ಕೋಶವನ್ನು ಕಳಿಸಿ, 350 ಕಿ.ಮೀ. ಎತ್ತರದಲ್ಲಿ 180 ವಾಟ್ ಪಡೆಯಿತು. ಅಲ್ಲಿ ಹೈಡ್ರೋಜನ್‌ನ ಬೆಲೆ ಯಾರೂ ಕೇಳುವುದಿಲ್ಲ. ನೆಲದ ಮೇಲೆ ಕೇಳಲೇಬೇಕು.

ನಿಮ್ಮ ಲೋಟದಲ್ಲಿ ಹೈಡ್ರೋಜನ್‌ಗೆ ಬೆಲೆ ತೆತ್ತದ್ದು ಬ್ಯಾಟರಿ. ದೊಡ್ಡ ಪ್ರಮಾಣದಲ್ಲೂ ಲೆಕ್ಕ ಹೀಗೆಯೇ. ವಿದ್ಯುದ್ವಿಭಜನೆಯಿಂದ 1 ಕೆ.ಜಿ. ಹೈಡ್ರೋಜನ್ ಪಡೆಯಲು ಸುಮಾರು 50 ಯೂನಿಟ್ ವಿದ್ಯುತ್ ಬೇಕು. ಅದರಲ್ಲಿರುವ ಶಕ್ತಿ 33 ಯೂನಿಟ್. ಕೋಶದ ದಕ್ಷತೆ ಅರ್ಧ ಎಂದುಕೊಂಡರೆ ಹಿಂದಕ್ಕೆ ಬರುವುದು 16 ಚಿಲ್ಲರೆ. ಮೂರು ಕೊಟ್ಟು ಒಂದು ಪಡೆಯುವ ವ್ಯಾಪಾರ! ವಿಶ್ವದಲ್ಲಿ ಇಂದು ಹೆಚ್ಚಿನ ಹೈಡ್ರೋಜನ್ ತಯಾರಾಗುವುದು ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲಿನಿಂದ. ಆಗ ಹೊಗೆ ವಾಹನದಿಂದ ಕಾರ್ಖಾನೆಗೆ ಜಾಗ ಬದಲಿಸುತ್ತದೆ, ಅಷ್ಟೆ.

ಇನ್ನೊಂದು ದಾರಿಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎಸ್. ದಾಸಪ್ಪ ಅವರ ತಂಡ ತೋರಿಸಿದೆ. ಒಣ ಜೀವರಾಶಿಯನ್ನು ಆಕ್ಸಿಜನ್ ಮತ್ತು ಹಬೆಯೊಂದಿಗೆ ಕಾಯಿಸಿ ಅನಿಲವಾಗಿಸುವ ವಿಧಾನವಿದು. ಅವರ ವರದಿಯಂತೆ 1 ಕೆ.ಜಿ. ಜೀವರಾಶಿಯಿಂದ 100 ಗ್ರಾಂ ಹೈಡ್ರೋಜನ್ ಸಿಗುತ್ತದೆ. ಜೀವರಾಶಿಯಲ್ಲಿ ಇರುವುದೇ 60 ಗ್ರಾಂ, ಉಳಿದದ್ದು ಎಲ್ಲಿಂದ? ಹಬೆಯಿಂದ. ಕಾರ್ಬನ್ ಮಾನಾಕ್ಸೈಡು ಹಬೆಯ ಆಕ್ಸಿಜನ್ ಕಸಿದು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ, ಹೈಡ್ರೋಜನ್ ಬಿಡುಗಡೆಯಾಗುತ್ತದೆ.

ಕೆ.ಆರ್. ಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಯಂಥ ಊರಿಗೆ ಇದನ್ನು ಹೊಂದಿಸಿ ನೋಡಿ. 10 ಕೆ.ಜಿ. ತೆಂಗಿನ ಕರಟದಿಂದ 1 ಕೆ.ಜಿ. ಹೈಡ್ರೋಜನ್, ಅದರಿಂದ 16 ಯೂನಿಟ್. ಅದೇ ಕರಟದ ಅನಿಲವನ್ನು ನೇರ ಎಂಜಿನ್‌ಗೆ ಕೊಟ್ಟರೆ ಸುಮಾರು 10 ಯೂನಿಟ್. ಆದರೆ 16ರಿಂದ ಆಕ್ಸಿಜನ್ ತಯಾರಿಕೆ ಮತ್ತು ಶುದ್ಧೀಕರಣದ ಖರ್ಚನ್ನು ಕಳೆಯಬೇಕು. ಈ ಶುದ್ಧೀಕರಣವೇ ಕಗ್ಗಂಟು. ಹತ್ತು ಲಕ್ಷ ಭಾಗಕ್ಕೆ ಹತ್ತಾರು ಭಾಗ ಕಾರ್ಬನ್ ಮಾನಾಕ್ಸೈಡ್ ಉಳಿದರೂ ಸಾಕು, ಅದು ಪ್ಲಾಟಿನಂಗೆ ಅಂಟಿ ಕುಳಿತು ಹೈಡ್ರೋಜನ್‌ಗೆ ಜಾಗ ಬಿಡುವುದಿಲ್ಲ. ಕಡಿಮೆ ಒತ್ತಡದಲ್ಲೇ ಅನಿಲ ಬೇರ್ಪಡಿಸುವ ಘಟಕವನ್ನು ಸಂಸ್ಥೆಯವರು ತಾವೇ ರೂಪಿಸಿಕೊಂಡಿದ್ದಾರೆ.