ಕರ್ನೆಲ್ಲಿಗೆ ನೂತನ ಪ್ರೊಸೆಸರ್ ಕುಲದ ಸೇರ್ಪಡೆ: ಬ್ಲ್ಯಾಕ್‌ಫಿನ್ನಿನ ನಿದರ್ಶನ

ಒಂದು ಭಾಷೆಗಾಗಿ ಹುಟ್ಟಿದ ಶಾಸ್ತ್ರವು ಕಾಲಾಂತರದಲ್ಲಿ ಬೇರೊಂದು ಭಾಷೆಗೆ ಅನ್ವಯಿಸಲ್ಪಡುವುದು ನಮ್ಮ ವಿದ್ವಾಂಸರಿಗೆ ಅಪರಿಚಿತವಾದ ಸಂಗತಿಯಲ್ಲ. ಸಂಸ್ಕೃತ ವ್ಯಾಕರಣದ ಸಂಧಿ ಸಮಾಸಾದಿ ಪ್ರಕರಣಗಳ ಚೌಕಟ್ಟನ್ನು ಕೇಶಿರಾಜನು 13ನೆಯ ಶತಮಾನದಲ್ಲಿ ಕನ್ನಡಕ್ಕೆ ಹೊಂದಿಸಿದನು. ಭಟ್ಟಾಕಳಂಕದೇವನು 1604ರಲ್ಲಿ ಸಂಸ್ಕೃತ ಸೂತ್ರಗಳಿಂದಲೇ ಕನ್ನಡದ ಲಕ್ಷಣವನ್ನು ನಿರೂಪಿಸಿದನು. ಯಾವ ವಿಧಿಯನ್ನು ಇದ್ದಂತೆಯೇ ಉಳಿಸಿಕೊಳ್ಳಬಹುದು, ಯಾವುದಕ್ಕೆ ಅಪವಾದವನ್ನು ಹೇಳಬೇಕು, ಶಾಸ್ತ್ರವು ಇದೆಯೆಂದು ಭಾವಿಸಿರುವುದು ಲಕ್ಷ್ಯದಲ್ಲಿ ಇಲ್ಲವೇ ಇಲ್ಲದಿದ್ದರೆ ಗತಿಯೇನು ಎಂಬ ಮೂರು ಪ್ರಶ್ನೆಗಳು ಅಂಥ ಪ್ರಯತ್ನದಲ್ಲಿ ತಪ್ಪದೆ ಏಳುತ್ತವೆ. ಸಂಸ್ಕೃತದಲ್ಲಿರುವ ದ್ವಿವಚನವು ಕನ್ನಡದಲ್ಲಿಲ್ಲವೆಂಬುದು ಮೂರನೆಯದಕ್ಕೆ ಸುಲಭವಾದ ಉದಾಹರಣೆ. ಇದೇ ಮೂರು ಪ್ರಶ್ನೆಗಳು ಗಣಕಯಂತ್ರಶಾಸ್ತ್ರದಲ್ಲಿ, ಲಿನಕ್ಸ್ ಎಂಬ ಕರ್ನೆಲ್ಲಿಗೆ ಹೊಸ ಪ್ರೊಸೆಸರ್ ಕುಲವೊಂದನ್ನು ಸೇರಿಸುವಲ್ಲಿ, ಹೇಗೆ ತಲೆದೋರುತ್ತವೆಂಬುದನ್ನು ಇಲ್ಲಿ ವಿವರಿಸಲು ಯತ್ನಿಸಿದೆ.

ಕರ್ನೆಲ್ ಎಂದರೆ ತಿರುಳು. ಯಂತ್ರದ ಲೋಹಕ್ಕೂ ಅದರ ಮೇಲೆ ನಡೆಯುವ ಪ್ರೋಗ್ರಾಮುಗಳಿಗೂ ನಡುವೆ ನಿಂತು, ಮೆಮೊರಿಯನ್ನು ಹಂಚಿ, ಪ್ರೊಸೆಸರಿನ ಕಾಲವನ್ನು ಸರದಿಯಂತೆ ಕೊಟ್ಟು, ಸಾಧನಗಳನ್ನು ಆಳುವ ಮೂಲ ಪ್ರೋಗ್ರಾಮಿಗೆ ಆ ಹೆಸರು. ಲಿನುಸ್ ಟೊರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿಯು 1991ರಲ್ಲಿ ಲಿನಕ್ಸನ್ನು ಬರೆದಾಗ ಅದು ಇಂಟೆಲ್ ಸಂಸ್ಥೆಯ 386 ಎಂಬ ಒಂದೇ ಪ್ರೊಸೆಸರಿಗಾಗಿ ಇದ್ದಿತು. ಬೇರೆ ಯಂತ್ರಗಳಿಗೆ ಅದನ್ನು ಒಯ್ಯುವ ಉದ್ದೇಶವೇ ಕರ್ತೃವಿಗೆ ಇರಲಿಲ್ಲ. ಆದರೂ 1995ರ ಮಾರ್ಚಿಯಲ್ಲಿ ಬಂದ 1.2ನೆಯ ಆವೃತ್ತಿಯಲ್ಲಿ ಆಲ್ಫಾ, ಸ್ಪಾರ್ಕ್, ಮಿಪ್ಸ್ ಎಂಬ ಕುಲಗಳಿಗೂ ಅದರಲ್ಲಿ ಸ್ಥಾನ ದೊರೆಯಿತು. ಅಂದಿನಿಂದ ಗ್ರಂಥವು ಎರಡು ಭಾಗವಾಯಿತು: ಎಲ್ಲ ಯಂತ್ರಗಳಿಗೂ ಸಮಾನವಾದ ಭಾಗವೊಂದು, ಪ್ರತಿಯೊಂದು ಕುಲಕ್ಕೂ ಪ್ರತ್ಯೇಕವಾದ ಭಾಗವೊಂದು. ವೈಯಾಕರಣರು ಉತ್ಸರ್ಗ ಅಪವಾದಗಳೆಂದು ಕರೆಯುವುದು ಇದನ್ನೇ. ಸಾಮಾನ್ಯ ಭಾಗದಲ್ಲಿ ಒಂದು ಕ್ರಿಯೆಯ ಸಾಧಾರಣ ರೂಪವನ್ನು ಬರೆದಿಡುತ್ತಾರೆ. ಯಾವುದಾದರೊಂದು ಕುಲವು ತನ್ನದೇ ರೂಪವನ್ನು ಒದಗಿಸಿದರೆ ಅದು ಸಾಮಾನ್ಯವನ್ನು ಬಾಧಿಸುತ್ತದೆ. ಒದಗಿಸದಿದ್ದರೆ ಸಾಮಾನ್ಯವೇ ಪ್ರವರ್ತಿಸುತ್ತದೆ.

ಪ್ರಕೃತ ಬ್ಲ್ಯಾಕ್‌ಫಿನ್ನನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ. ಇದು ಅಮೆರಿಕದ ಅನಲಾಗ್ ಡಿವೈಸಸ್ ಸಂಸ್ಥೆಯು ಇಂಟೆಲ್ಲಿನೊಡನೆ ಕೂಡಿ ರಚಿಸಿದ ವಿನ್ಯಾಸವನ್ನು ಅನುಸರಿಸಿ ನಿರ್ಮಿಸಿದ 32 ಬಿಟ್ಟಿನ ಪ್ರೊಸೆಸರ್ ಕುಲ. ಧ್ವನಿ ಮತ್ತು ಚಿತ್ರಗಳ ಸಂಕೇತಗಳನ್ನು ಶೀಘ್ರವಾಗಿ ಗುಣಿಸಿ ಕೂಡುವ ಶಕ್ತಿಯೂ, ಸಾಧಾರಣ ಗಣಕದ ಕೆಲಸವನ್ನು ಮಾಡುವ ಶಕ್ತಿಯೂ ಒಂದೇ ಚಿಪ್ಪಿನಲ್ಲಿ ಇರಬೇಕೆಂಬುದು ಅದರ ಆಶಯ. ಮೇಜಿನ ಮೇಲಿಡುವ ಗಣಕಗಳಿಗಲ್ಲ, ಉಪಕರಣಗಳ ಹೊಟ್ಟೆಯಲ್ಲಿ ಅಡಗಿ ಕೆಲಸಮಾಡುವುದಕ್ಕಾಗಿಯೇ ಹುಟ್ಟಿದ ಕುಲವಿದು. ಲಿನಕ್ಸಿನ ಮೂಲಗ್ರಂಥದೊಳಕ್ಕೆ ಇದು 2007ರ ಜುಲೈ ತಿಂಗಳಿನಲ್ಲಿ, 2.6.22ನೆಯ ಆವೃತ್ತಿಯಲ್ಲಿ ಸೇರಿತು.

ಇದರಲ್ಲಿ ಶಾಸ್ತ್ರವು ಭಾವಿಸಿಕೊಂಡಿರುವ ಮುಖ್ಯವಾದ ಅಂಗವೊಂದು ಇಲ್ಲ. ದೊಡ್ಡ ಪ್ರೊಸೆಸರುಗಳಲ್ಲಿ ಪ್ರೋಗ್ರಾಮು ಹೇಳುವ ವಿಳಾಸವನ್ನು ಮೆಮೊರಿಯ ನಿಜವಾದ ವಿಳಾಸಕ್ಕೆ ಮಾರ್ಪಡಿಸುವ ಒಂದು ಘಟಕವಿರುತ್ತದೆ. ಅದರ ದೆಸೆಯಿಂದ ಹತ್ತು ಪ್ರೋಗ್ರಾಮುಗಳು ಒಂದೇ ವಿಳಾಸವನ್ನು ಹೇಳಿದರೂ ಒಂದೊಂದಕ್ಕೂ ಬೇರೆ ಬೇರೆ ಸ್ಥಳವೇ ದೊರೆಯುತ್ತದೆ. ಬ್ಲ್ಯಾಕ್‌ಫಿನ್ನಿನಲ್ಲಿ ಮೆಮೊರಿಯ ಭಾಗಗಳನ್ನು ಅನಧಿಕೃತ ಪ್ರವೇಶದಿಂದ ಕಾಯುವ ಏರ್ಪಾಡು ಇದೆ. ಆದರೆ ವಿಳಾಸಗಳನ್ನು ಮಾರ್ಪಡಿಸುವ ಘಟಕವಿಲ್ಲ.

ಈ ಅಭಾವದಿಂದಾಗುವ ತೊಡಕನ್ನು ಓಲೆಯ ಗ್ರಂಥಗಳ ದೃಷ್ಟಾಂತದಿಂದ ತಿಳಿಯಬಹುದು. ಒಂದು ಪೆಟ್ಟಿಗೆಯಲ್ಲಿ ಓಲೆಗಳಿಗೆಲ್ಲ ಒಂದೇ ಸಾಲಾಗಿ ಅಂಕೆಯಿಟ್ಟಿದೆಯೆನ್ನೋಣ. ಅದರಲ್ಲಿರುವ ಒಂದು ಗ್ರಂಥದ ನಡುವೆ, ಈ ಪೆಟ್ಟಿಗೆಯ ಹನ್ನೆರಡನೆಯ ಓಲೆಯನ್ನು ನೋಡುವುದು ಎಂದು ಬರೆದಿದೆ. ಲಿಪಿಕಾರನು ಆ ಗ್ರಂಥವನ್ನು ಯಥಾವತ್ತಾಗಿ ಪ್ರತಿಮಾಡಿ ಅದೇ ಪೆಟ್ಟಿಗೆಯಲ್ಲಿ ನೂರನೆಯ ಓಲೆಯಿಂದ ಮುಂದಕ್ಕೆ ಇಟ್ಟರೆ, ಪ್ರತಿಯೊಳಗಿನ ಸೂಚನೆಯು ಮೂಲಗ್ರಂಥದ ಓಲೆಯನ್ನೇ ತೋರಿಸುವುದಲ್ಲದೆ ತನ್ನದನ್ನು ತೋರಿಸುವುದಿಲ್ಲ. ಪ್ರತಿಯನ್ನು ತಿದ್ದಹೊರಟವನು ಮೂಲವನ್ನು ಕೆಡಿಸುತ್ತಾನೆ. ಯೂನಿಕ್ಸ್ ಸಂಪ್ರದಾಯದ ಕರ್ನೆಲ್ಲುಗಳಲ್ಲಿ ಹೊಸ ಪ್ರೋಗ್ರಾಮನ್ನು ಹುಟ್ಟಿಸುವ ಕ್ರಮವೇ ಇಂಥ ಪ್ರತಿಲೇಖನ. ಅದಕ್ಕೆ ಫೋರ್ಕ್ ಎಂದು ಹೆಸರು. ಬ್ಲ್ಯಾಕ್‌ಫಿನ್ನಿನಲ್ಲಿ ಫೋರ್ಕ್ ಅಸಾಧ್ಯ. ಅದರ ಬದಲಿಗೆ ವಿಫೋರ್ಕ್ ಎಂಬ ಗೌಣವಿಧಿಯನ್ನು ಅನುಸರಿಸಬೇಕಾಗುತ್ತದೆ: ಹುಟ್ಟಿದ ಮಗುವು ತಾಯಿಯ ಓಲೆಗಳನ್ನೇ ಓದುತ್ತದೆ, ಬೇರೊಂದು ಪ್ರೋಗ್ರಾಮನ್ನು ತುಂಬಿಕೊಳ್ಳುವವರೆಗೆ ಅಥವಾ ಮುಗಿದುಹೋಗುವವರೆಗೆ ತಾಯಿಯು ಸ್ತಬ್ಧವಾಗಿ ಕಾಯುತ್ತದೆ. ಎಲ್ಲಿ ಇಟ್ಟರೂ ನಡೆಯುವಂತೆ ಪ್ರೋಗ್ರಾಮುಗಳನ್ನು ವಿಶೇಷ ರೂಪದಲ್ಲಿ ಸಿದ್ಧಪಡಿಸಬೇಕು. ಅವುಗಳ ಸ್ಟ್ಯಾಕ್ ಎಂಬ ಕೆಲಸದ ಜಾಗವು ತಾನಾಗಿ ಬೆಳೆಯಲಾರದ್ದರಿಂದ ಅದರ ಅಳತೆಯನ್ನು ಮುಂಚೆಯೇ ಗೊತ್ತುಮಾಡಬೇಕು. ಇಂಥ ಯಂತ್ರಗಳಿಗಾಗಿ ಮೈಕ್ರೋಸಿ ಲಿನಕ್ಸ್ ಎಂಬ ಶಾಖೆಯವರು ಮೊದಲೇ ದಾರಿಮಾಡಿದ್ದರು. ಅವರ ಕೆಲಸವು 2002ರಿಂದ ಮೂಲಗ್ರಂಥಕ್ಕೆ ಸೇರತೊಡಗಿದ್ದರಿಂದ ಬ್ಲ್ಯಾಕ್‌ಫಿನ್ನಿನವರು ಬರಿಯ ನೆಲದಲ್ಲಿ ನಿಂತು ಆರಂಭಿಸಬೇಕಾಗಲಿಲ್ಲ.

ಇನ್ನು ಪ್ರೊಸೆಸರಿನ ಅಧಿಕಾರಕ್ರಮ. ಬ್ಲ್ಯಾಕ್‌ಫಿನ್ನಿನಲ್ಲಿ ಪ್ರೊಸೆಸರನ್ನು ನಡುವೆ ಕರೆಯುವ ಘಟನೆಗಳಿಗೆ 0 ಮೊದಲ್ಗೊಂಡು 15ರ ವರೆಗೆ 16 ದರ್ಜೆಗಳು; ಅಂಕೆ ಚಿಕ್ಕದಾದಷ್ಟೂ ಪ್ರಾಬಲ್ಯ ಹೆಚ್ಚು. ಪ್ರೊಸೆಸರು ಮೇಲಧಿಕಾರದ ಸ್ಥಿತಿಯಲ್ಲಿ ಇರಬೇಕಾದರೆ ಈ ದರ್ಜೆಗಳಲ್ಲಿ ಯಾವುದಾದರೊಂದರ ಒಳಗೆ ಇರಲೇಬೇಕು. ಕರ್ನೆಲ್ಲಿಗೆ ಮೇಲಧಿಕಾರವು ಬೇಕು, ಆದರೆ ಪ್ರಬಲವಾದ ದರ್ಜೆಯಲ್ಲಿ ಕುಳಿತರೆ ಸಾಧನಗಳ ಕರೆಗಳೊಂದೂ ಒಳಗೆ ಬರಲಾರವು. ಆದ್ದರಿಂದ ಕರ್ನೆಲ್ಲು ಆರಂಭದಲ್ಲಿಯೇ ಎಲ್ಲಕ್ಕಿಂತ ದುರ್ಬಲವಾದ 15ನೆಯ ದರ್ಜೆಯನ್ನು ತಾನೇ ಎಬ್ಬಿಸಿ, ಅದರೊಳಕ್ಕೆ ಇಳಿದು, ಅಲ್ಲಿಂದಲೇ ಆಳುತ್ತದೆ. ಪ್ರೋಗ್ರಾಮೊಂದು ಕರ್ನೆಲ್ಲಿನ ನೆರವನ್ನು ಬೇಡಿದಾಗ ಆ ಬೇಡಿಕೆಯು ಮೊದಲು 3ನೆಯ ದರ್ಜೆಗೆ ಹೋಗುತ್ತದೆ. ಅಲ್ಲಿ ತಡಮಾಡಿದರೆ ಅಪಾಯ, ಏಕೆಂದರೆ ಆ ದರ್ಜೆಯಲ್ಲಿರುವಾಗ ಅಂಥದೇ ಇನ್ನೊಂದು ದೋಷವು ಒದಗಿದರೆ ಯಂತ್ರವು ಚೇತರಿಸಿಕೊಳ್ಳಲಾರದು. ಆದುದರಿಂದ ಅಲ್ಲಿರುವ ನಾಲ್ಕಾರು ಆದೇಶಗಳು ಬೇಡಿಕೆಯನ್ನು 15ಕ್ಕೆ ಒಪ್ಪಿಸಿ ಹೊರಟುಬಿಡುತ್ತವೆ. ಅತ್ಯಂತ ಕೆಳಗಿನ ಪೀಠದಲ್ಲಿ ಕುಳಿತು ಸರ್ವಾಧಿಕಾರವನ್ನು ನಡೆಸುವ ಈ ಉಪಾಯವು ನನಗಂತೂ ಬಹಳ ಸ್ವಾರಸ್ಯವಾಗಿ ಕಂಡಿತು.

ಇದಕ್ಕಿಂತಲೂ ಸೂಕ್ಷ್ಮವಾದುದು ಇನ್ನೊಂದು. ಎರಡು ಪ್ರೋಗ್ರಾಮುಗಳು ಒಂದೇ ಅಂಕೆಯನ್ನು ಹಂಚಿಕೊಂಡಿದ್ದರೆ, ಅದನ್ನು ಓದಿ, ಬದಲಿಸಿ, ಮರಳಿ ಬರೆಯುವ ಮೂರು ಕೆಲಸಗಳೂ ನಡುವೆ ಭಂಗವಿಲ್ಲದೆ ನಡೆಯಬೇಕು. ಇಲ್ಲವಾದರೆ ಒಂದರ ಬರೆಹವನ್ನು ಇನ್ನೊಂದು ಅಳಿಸಿಬಿಡುತ್ತದೆ. ಈ ಬಗೆಯ ಅಖಂಡ ಕ್ರಿಯೆಗಳಿಗೆ ಬೇಕಾದ ಆದೇಶಗಳ ಪೂರ್ಣಗಣವು ಬ್ಲ್ಯಾಕ್‌ಫಿನ್ನಿನಲ್ಲಿ ಇಲ್ಲ. ಆಗ ಮಾಡಿದ್ದೇನೆಂದರೆ, ಅಂಥ ಕ್ರಿಯೆಗಳ ಆದೇಶಗಳನ್ನು ಕರ್ನೆಲ್ಲು ತಾನೇ ಮೆಮೊರಿಯ ಒಂದು ನಿಯತವಾದ ಸ್ಥಳದಲ್ಲಿ ಬರೆದಿಟ್ಟಿತು. ಪ್ರೋಗ್ರಾಮುಗಳೆಲ್ಲ ಅಲ್ಲಿಗೆ ಹೋಗಿಯೇ ಆ ಕೆಲಸವನ್ನು ಮಾಡಿಸಿಕೊಳ್ಳತಕ್ಕದ್ದು. ನಡುವೆ ಯಾವುದೋ ಕರೆ ಬಂದು ಪ್ರೋಗ್ರಾಮು ನಿಂತರೆ, ಅದು ನಿಂತ ವಿಳಾಸವನ್ನು ಕರ್ನೆಲ್ಲು ನೋಡುತ್ತದೆ. ಆ ವಿಳಾಸವು ನಿಯತಸ್ಥಳದ ಒಳಗಿದ್ದರೆ, ಉಳಿದಿರುವ ಹೆಜ್ಜೆಗಳನ್ನು ಕರ್ನೆಲ್ಲೇ ಅದರ ಪರವಾಗಿ ಪೂರೈಸಿ, ಬಳಿಕ ಇನ್ನೊಬ್ಬರಿಗೆ ಸರದಿಯನ್ನು ಕೊಡುತ್ತದೆ. ಯಂತ್ರದಲ್ಲಿ ಇಲ್ಲದ ಅಖಂಡತೆಯು ಹೀಗೆ ಸಂಕೇತದಿಂದ ಸಿದ್ಧವಾಯಿತು. ಗಡಿಯಾರ, ಸಾಧನಗಳ ಚಾಲಕಗಳು, ಯಂತ್ರವನ್ನು ಎಬ್ಬಿಸುವ ಮೊದಲ ಪ್ರೋಗ್ರಾಮು, ಇವೆಲ್ಲಕ್ಕೂ ಮುನ್ನ ಬೇಕಾದ ಕಂಪೈಲರು ಮುಂತಾದುವುಗಳೂ ಆಗಬೇಕಾಗಿದ್ದುವೆಂಬುದನ್ನು ಹೇಳಿದರೆ ಸಾಕು. ಅವುಗಳ ಕ್ರಮವು ಬೇರೆ ಕುಲಗಳಲ್ಲಿರುವಂತೆಯೇ.

ಇಷ್ಟು ಶ್ರಮದಿಂದ ಸೇರಿದ ಬ್ಲ್ಯಾಕ್‌ಫಿನ್ ಇಂದು ಮೂಲಗ್ರಂಥದಲ್ಲಿ ಇಲ್ಲ. 2018ರ ಜೂನ್ 3ರಂದು ಪ್ರಕಟವಾದ 4.17ನೆಯ ಆವೃತ್ತಿಯಲ್ಲಿ ಅದನ್ನೂ, ಕ್ರಿಸ್, ಎಫ್ಆರ್‌ವಿ, ಎಂ32ಆರ್, ಮೆಟಾಗ್, ಎಂಎನ್10300, ಸ್ಕೋರ್, ಟೈಲ್ ಎಂಬ ಇನ್ನೇಳು ಕುಲಗಳನ್ನೂ ಆರ್ನ್ಡ್ ಬರ್ಗ್‌ಮನ್ ಎಂಬ ಪರಿಪಾಲಕರು ತೆಗೆದುಹಾಕಿದರು. ಸುಮಾರು 5 ಲಕ್ಷ ಸಾಲುಗಳು ಒಮ್ಮೆಗೇ ಹೋದುವು.

ಬರೆದದ್ದು ಇದ್ದಲ್ಲಿ ಇರಲಿ, ಯಾರಿಗೇನು ಭಾರವೆಂದು ಕೇಳುವವರಿರಬಹುದು. ಗ್ರಂಥಭಂಡಾರದ ಓಲೆಗೆ ಆ ಮಾತು ಒಪ್ಪುತ್ತದೆ, ಪ್ರಯೋಗದಲ್ಲಿರುವ ಶಾಸ್ತ್ರಕ್ಕೆ ಒಪ್ಪುವುದಿಲ್ಲ. ಉತ್ಸರ್ಗವನ್ನು ಒಬ್ಬನು ತಿದ್ದಿದರೆ ಅದನ್ನು ನಂಬಿರುವ ಅಪವಾದಗಳೆಲ್ಲವನ್ನೂ ಅವನೇ ಪರೀಕ್ಷಿಸಿ ಹೊಂದಿಸಬೇಕು. ಯಾರೂ ಉಪಯೋಗಿಸದ, ಪರೀಕ್ಷಿಸಲು ಯಂತ್ರವೂ ದೊರೆಯದ ಕುಲದ ಅಪವಾದವು ಕೂಡ ಅವನ ದಾರಿಯಲ್ಲಿ ನಿಲ್ಲುತ್ತದೆ. ಅವನು ಊಹೆಯಿಂದ ತಿದ್ದುತ್ತಾನೆ, ತಿದ್ದಿದ್ದು ಸರಿಯೇ ಎಂದು ಹೇಳುವವರಿಲ್ಲ. ಅನಲಾಗ್ ಡಿವೈಸಸ್ ಸಂಸ್ಥೆಯ ಗಮನವು ಬೇರೆ ಚಿಪ್ಪುಗಳ ಕಡೆಗೆ ತಿರುಗಿದ್ದರಿಂದ ಬ್ಲ್ಯಾಕ್‌ಫಿನ್ನಿನ ಕೆಲಸವು ನಿಂತುಹೋಗಿ ಈ ಸ್ಥಿತಿ ಒದಗಿತು. ಲಿನಕ್ಸಿನಲ್ಲಿ ಪರಿಪಾಲಕರ ಪಟ್ಟಿಯೊಂದಿದೆ. ಅದರಲ್ಲಿ ಒಂದೊಂದು ಭಾಗದ ಮುಂದೆಯೂ ಅದರ ಅವಸ್ಥೆಯನ್ನು ಬರೆಯುತ್ತಾರೆ. ನೋಡಿಕೊಳ್ಳುವವರಿಲ್ಲದ ಭಾಗಕ್ಕೆ ಅವರು ಇಟ್ಟಿರುವ ಸಂಜ್ಞೆಯ ಅರ್ಥ ಅನಾಥ ಎಂದೇ.

ಆದರೆ ವ್ಯಾಪಾರವು ನಿಂತದ್ದೇ ಲೋಪಕ್ಕೆ ಕಾರಣವೆಂದು ಹೇಳಲಾಗದು. ಮೋಟೊರೋಲಾ ಸಂಸ್ಥೆಯ 68000 ಕುಲವು ಪೇಟೆಯಲ್ಲಿ ಎಂದೋ ಹಿಂದೆ ಬಿದ್ದಿತು. ಅದರ ಭಾಗವಾದರೋ ಮೂಲಗ್ರಂಥದಲ್ಲಿ ಈಗಲೂ ಇದೆ. ಹಳೆಯ ಯಂತ್ರಗಳನ್ನು ಪ್ರೀತಿಯಿಂದ ಇಟ್ಟುಕೊಂಡು, ಪ್ರತಿ ಆವೃತ್ತಿಯನ್ನೂ ಅವುಗಳ ಮೇಲೆ ನಡೆಯಿಸಿ ನೋಡುವ ಕೆಲವರು ಇರುವುದೇ ಅದಕ್ಕೆ ಕಾರಣ. ಅತ್ತ, ಎಂಟು ಕುಲಗಳು ಹೋದ ಆ 2018ರಲ್ಲಿಯೇ, ಡಿಸೆಂಬರಿನ 4.20ನೆಯ ಆವೃತ್ತಿಯಲ್ಲಿ, ಸಿ-ಸ್ಕೈ ಎಂಬ ಚೀನದೇಶದ ಕುಲವು ಹೊಸದಾಗಿ ಸೇರಿತು. ಅದರ ಹಿಂದೆ ಹೊಣೆಹೊತ್ತವರು ಇದ್ದರು. ಸೇರ್ಪಡೆಯನ್ನು ಕೋರುವವರ ಸಂಕೇತವು ಎಷ್ಟು ಶುದ್ಧವಾಗಿದೆ ಎಂಬುದರಷ್ಟೇ, ನಾಳೆ ಅದನ್ನು ಓದಿಸುವವರು ಯಾರೆಂಬುದೂ ಅಲ್ಲಿ ವಿಚಾರಣೆಗೆ ಬರುತ್ತದೆ. ಇದು ಕಠಿನವೆನ್ನಿಸಿದರೂ ನ್ಯಾಯವೆಂದೇ ನನ್ನ ಅಭಿಪ್ರಾಯ.

ಅಳಿದುಹೋಯಿತೆಂದರೆ ಪೂರ್ತಿಯಾಗಿ ನಾಶವಾಯಿತೆಂದಲ್ಲ. ಲಿನಕ್ಸಿನ ಪ್ರತಿಯೊಂದು ಮಾರ್ಪಾಡೂ ಅದರ ಚರಿತ್ರೆಯ ಭಂಡಾರದಲ್ಲಿ ಉಳಿದಿರುವುದರಿಂದ ಬ್ಲ್ಯಾಕ್‌ಫಿನ್ನಿನ ಭಾಗವನ್ನು ಯಾರು ಬೇಕಾದರೂ ತೆಗೆದು ಓದಬಹುದು. 2018ರ ಏಪ್ರಿಲಿನ 4.16ನೆಯದು ಅದನ್ನು ಒಳಗೊಂಡ ಕಡೆಯ ಆವೃತ್ತಿ. ಕಷ್ಟವೆಲ್ಲ ಆ ಚಿಪ್ಪನ್ನು ಉಪಕರಣಗಳಲ್ಲಿ ಇಟ್ಟುಕೊಂಡವರಿಗೆ. ದೀರ್ಘಕಾಲದ ಪೋಷಣೆಗಾಗಿ ಆರಿಸಲ್ಪಟ್ಟು ಈ ಕುಲವನ್ನೂ ಒಳಗೊಂಡಿದ್ದ ಆವೃತ್ತಿಗಳಲ್ಲಿ ಕೊನೆಯದು 2017ರ ನವೆಂಬರಿನ 4.14. ಮೂಲಪರಿಪಾಲಕರು 2024ರ ಜನವರಿಯಲ್ಲಿ ಅದರ ತಿದ್ದುಪಡಿಯನ್ನೂ ನಿಲ್ಲಿಸಿದರು. ಅಲ್ಲಿಂದ ಮುಂದೆ ಕಂಡುಬರುವ ದೋಷಗಳನ್ನು ಆ ಉಪಕರಣದವರು ತಾವೇ ತಿದ್ದಿಕೊಳ್ಳಬೇಕು, ಇಲ್ಲವೆ ಹೊಸ ಚಿಪ್ಪಿಗೆ ಹೋಗಬೇಕು.